ಚಾರ್ಜು ಕಲಿತ ವರ

ಕದಿರೇಶನಿಗೂ ಇಂಗ್ಲಿಷಿಗೂ ಬಹಳ ವರ್ಷಗಳಿಂದ ಮಾತುಕತೆ ಇರಲಿಲ್ಲ. ಶ್ರೀನಿವಾಸಪುರದ ಸ್ಕೂಲಿನಲ್ಲಿ ಇಬ್ಬರಿಗೂ ಪರಿಚಯವಾಗಿತ್ತು, ಒಬ್ಬರನ್ನು ಕಂಡು ಒಬ್ಬರು ಬೆವರಿದ್ದರು. ಎರಡು ಸಲ ಪರೀಕ್ಷೆಯಲ್ಲಿ ಕೈಕೈ ಮಿಲಾಯಿಸಿದ ಮೇಲೆ ಇಂಗ್ಲಿಷು ಸ್ಕೂಲಿನಲ್ಲೇ ಉಳಿಯಿತು, ಕದಿರೇಶ ಮಾವಿನ ಮಂಡಿಗೆ ಬಂದುಬಿಟ್ಟ. ಅಲ್ಲಿ ಅವನು ಸುಖವಾಗಿದ್ದ. ಕಾಯಿಯ ತೊಟ್ಟು ಮೂಸಿ ಅದು ನಾಳೆ ಹಣ್ಣಾಗುತ್ತದೋ ನಾಡಿದ್ದೋ ಎಂದು ಹೇಳುವುದಕ್ಕೆ ಯಾವ ದೇಶದ ಭಾಷೆಯೂ ಬೇಕಿರಲಿಲ್ಲ.

ಆವತ್ತು ಬೆಳಿಗ್ಗೆ ಅವನು ರಾಗಿರೊಟ್ಟಿಯ ಮೊದಲ ತುಂಡು ಮುರಿಯುತ್ತಿದ್ದಾಗ ಸೋದರಮಾವ ಮುನಿಯಲ್ಲಪ್ಪ ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದ.

"ಲೇ ಕದ್ರೀ, ಮುಳಬಾಗಿಲಿನ ಹುಡುಗಿ ಮನೆಯೋರು ಹೂಂ ಅಂದ್ರು ಕಣೋ! ಇವತ್ತು ಸಾಯಂಕಾಲವೇ ಬನ್ನಿ ಅಂದವ್ರೆ. ನಾಳೆ ಅಮಾವಾಸ್ಯೆ, ಅದರಾಚೆಗೆ ಆಷಾಢ. ಇವತ್ತು ಬಿಟ್ರೆ ಕೆಟ್ಟಿ."

ಕದಿರೇಶನ ಕೈಯಿಂದ ರೊಟ್ಟಿ ಜಾರಿತು. ಮುಳಬಾಗಿಲಿನ ಹುಡುಗಿ ಎಂದರೆ ಶ್ಯಾಮಲ. ಹೋದ ತಿಂಗಳು ಉಪ್ಪಿನಕಾಯಿಗೆ ಕಾಯಿ ಕೊಳ್ಳಲು ತಾಯಿಯ ಜೊತೆ ಮಂಡಿಗೆ ಬಂದವಳು, ಕದಿರೇಶ ತಕ್ಕಡಿಯಲ್ಲಿ ಮೆಲ್ಲಗೆ ಸೇರಿಸಿದ್ದ ಏಟು ಬಿದ್ದ ಕಾಯಿಯನ್ನು ಎತ್ತಿ, "ಇದು ನಿಮ್ಮನೇಲೇ ಇರ್ಲಿ" ಎಂದು ಅವನ ಅಂಗೈಯಲ್ಲಿಟ್ಟು ನಕ್ಕಿದ್ದಳು. ಆ ಕಾಯಿಯನ್ನು ಅವನು ಗೋಡೆಯ ಗೂಡಿನಲ್ಲಿಟ್ಟು, ಅದು ಕೊಳೆತು ಇರುವೆ ಮುತ್ತುವ ತನಕ ನೋಡಿಕೊಂಡ. ಅಂದಿನಿಂದ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮಾಡಿಕೊಂಡರೆ ಅವಳನ್ನೇ ಎಂದು ಅಮ್ಮನ ಮುಂದೆ ಹಟ ಹಿಡಿದು ಕೂತಿದ್ದ.

"ಒಂದೇ ಒಂದು ಸಣ್ಣ ವಿಷಯ," ಎಂದ ಮುನಿಯಲ್ಲಪ್ಪ, ಟೋಪಿ ತೆಗೆದು ಅದರೊಳಗೆ ಏನೋ ಬಿದ್ದುಹೋಗಿದೆ ಎನ್ನುವಂತೆ ನೋಡುತ್ತಾ. "ಹುಡುಗಿ ಅಪ್ಪ ಕೋದಂಡರಾಮಪ್ಪನೋರು ಗೊತ್ತಲ್ಲ? ಕೋರ್ಟಿನಲ್ಲಿ ಕಾಗದ ಪತ್ರ ಇಂಗ್ಲಿಷಿಗೆ ತಿರುಗಿಸ್ತಿದ್ದೋರು. ಈಗ ಪಿಂಚಣಿ. ಅವರದ್ದೊಂದು ನೇಮ ಐತೆ. ಜಾತಕ ಕೇಳಲ್ಲ, ಜಮೀನು ಕೇಳಲ್ಲ. ಒಂದು ಇಂಗ್ಲಿಷ್ ಕ್ರಿಯಾಪದ ಕೇಳ್ತಾರೆ. ಅದರ ಅರ್ಥಗಳನ್ನೆಲ್ಲ ಹೇಳಿ, ಅದು ಎಲ್ಲಿಂದ ಹುಟ್ಟಿ ಬಂತು ಅಂತಾನೂ ಹೇಳ್ಬೇಕು. ಕ್ಯಾಲನೂರಿನ ಹುಡುಗ ಒಬ್ಬ ಅರ್ಧಕ್ಕೇ ಕೇಸರಿಬಾತು ಬಿಟ್ಟು ಓಡಿಹೋದನಂತೆ. ಇನ್ನೊಬ್ಬನ್ನ ಗಾಳಿ ಹಾಕಿ ಎಬ್ಬಿಸಿದ್ರಂತೆ."

"ಮಾವ! ನಂಗೆ ಇಂಗ್ಲಿಷು..."

"ಗೊತ್ತು ಕಣೋ. ಆದ್ರೆ ಅವರು ಮೋಸದೋರಲ್ಲ. ಪದ ಮುಂಚೇನೇ ಹೇಳಿ ಕಳಿಸವ್ರೆ. 'ಚಾರ್ಜ್' ಅಂತೆ. ಅಷ್ಟಕ್ಕೆಲ್ಲ ಯಾಕ್ ಹೆದರ್ತಿ? ಚಾರ್ಜು ನನಗೇ ಗೊತ್ತು. ನಾನು ತಾಲ್ಲೂಕು ಕಚೇರಿ ಗುಮಾಸ್ತ. ಹೊಸ ಅಮಲ್ದಾರ್ರು ಬಂದಾಗ ಚಾರ್ಜು ತಗೋತಾರೆ, ಹಳಬರು ಚಾರ್ಜು ಕೊಡ್ತಾರೆ. ಚಾರ್ಜು ಅಂದ್ರೆ ಬೀರುವಿನ ಬೀಗದ ಕೈ. ಮುಗೀತು!"

ಕದಿರೇಶ "ಚಾರ್ಜು, ಬೀಗದ ಕೈ" ಎಂದು ಬಾಯಿಪಾಠ ಮಾಡತೊಡಗಿದ. ಒಳಗಿನಿಂದ ಅವನ ತಾಯಿ ಅಶ್ವತ್ಥಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ಬಂದಳು. ಅವಳ ಚಿಂತೆ ಬೇರೆ.

"ಅಲ್ಲ ಮುನಿಯಲ್ಲಪ್ಪ, ನೀನು, ನಾನು, ಮಗ. ಮೂರು ಜನ ಹೆಣ್ಣು ನೋಡಕ್ಕೆ ಹೋಗಬಾರ್ದಲ್ಲ."

ಈ ಮಾತು ಅವಳ ಬಾಯಿಂದ ಪೂರ್ತಿ ಹೊರಗೆ ಬರುವ ಮೊದಲೇ ಗೋಡೆಯಾಚೆ ದೊಡ್ಡಮುನಿಯಮ್ಮನ ತಲೆ ಮೂಡಿತು. ಆ ಮನೆಯ ಗೋಡೆಗೆ ಕಿವಿ ಇತ್ತೋ ಇಲ್ಲವೋ, ದೊಡ್ಡಮುನಿಯಮ್ಮನ ಕಿವಿಗೆ ಗೋಡೆ ಇರಲಿಲ್ಲ.

"ನಾನಿಲ್ವೇನಮ್ಮ? ಸೀರೆ ಉಟ್ಕೊಂಡು ಬಂದೆ ಇರು. ಓರಿ ನಾಯನಾ ಕದ್ರೀ, ಚಾರ್ಜು ಬೀಗದ ಕೈ ಅಂತ ಯಾರ್ ಹೇಳಿದ್ದು? ನನ್ ಮಗ ಕೋಲಾರದ ಚಿನ್ನದ ಗಣೀಲವ್ನೆ. ಬಂಡೇಲಿ ತೂತು ಕೊರೆದು ಮದ್ದು ಜಡೀತಾರಲ್ಲ, ಅದೇ ಚಾರ್ಜು. ಜಡಿದ ಮೇಲೆ ಎಲ್ರೂ ಓಡ್ಬೇಕು. ಓಡದಿದ್ರೆ ಚೂರು ಚೂರು!"

"ಬೀಗದ ಕೈ. ಮದ್ದು. ಓಡಬೇಕು," ಎಂದ ಕದಿರೇಶ. ಕೊನೆಯದು ಮಾತ್ರ ಮನಸ್ಸಿಗೆ ಚೆನ್ನಾಗಿ ಹಿಡಿಯಿತು.

ಮಧ್ಯಾಹ್ನ ಅವರು ನಾಲ್ವರೂ ಬೀದಿಗೆ ಇಳಿದರೆ, ಎದುರುಮನೆ ಜಗಲಿಯ ಮೇಲೆ ದಫೇದಾರ್ ಚನ್ನರಾಯಪ್ಪ ಕೂತಿದ್ದ. ಪೊಲೀಸ್ ಕೆಲಸದಿಂದ ನಿವೃತ್ತನಾದರೂ ಬೀದಿಯಲ್ಲಿ ನಡೆಯುವವರನ್ನು ಎಣಿಸುವ ಚಟ ಅವನಿಗೆ ಹೋಗಿರಲಿಲ್ಲ.

"ನಿಲ್ಲಿ! ನಾಲ್ಕು ಜನ ಹೊರಟಿದೀರಲ್ಲ, ಶುಭಕಾರ್ಯಕ್ಕೋ, ಯಾರನ್ನಾದ್ರೂ ಹೊರೋದಕ್ಕೋ?"

ಅಶ್ವತ್ಥಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. ಚನ್ನರಾಯಪ್ಪ ಹೆಚ್ಚು ಹೇಳಿಸಿಕೊಳ್ಳಲಿಲ್ಲ. ರುಮಾಲು ಸುತ್ತಿ, ದೊಣ್ಣೆ ಹಿಡಿದು ಐದನೆಯವನಾದ. ವಿಷಯ ಕೇಳಿ ಅವನಿಗೆ ನಗು ಬಂತು.

"ಮದ್ದಂತೆ, ಬೀಗದ ಕೈಯಂತೆ! ಲೇ ಹುಡ್ಗಾ, ಚಾರ್ಜು ಹುಟ್ಟಿದ್ದೇ ನಮ್ ಇಲಾಖೇಲಿ. ಸಾಹೇಬ್ರು 'ಚಾರ್ಜ್' ಅಂದ್ರೆ ಹಿಂದೆ ಮುಂದೆ ನೋಡದೆ ನುಗ್ಗೋದು. ಹಿಂಗೆ!"

ದೊಣ್ಣೆ ಎತ್ತಿ ನುಗ್ಗಿ ತೋರಿಸಿದ. ಬೀದಿಯ ಕೊನೆಯಲ್ಲಿ ಹಪ್ಪಳ ಒಣಗಿಸಿದ್ದ ಮಂಚ ಇತ್ತು. ಮಂಚ ಮಗುಚಿತು, ಹಪ್ಪಳ ಹಾರಿದವು. ಹಪ್ಪಳದ ಯಜಮಾನಿ ಪೊರಕೆ ಹಿಡಿದು ಹೊರಗೆ ಬಂದು ದಫೇದಾರನ ಮೇಲೆ ಅದೇ ಚಾರ್ಜನ್ನು ಇನ್ನೂ ಚೆನ್ನಾಗಿ ಮಾಡಿ ತೋರಿಸಿದಳು. ಅವಳಿಂದ ತಪ್ಪಿಸಿಕೊಂಡು ಐವರೂ ಬಸ್ಸಿನ ತನಕ ಓಡಿದರು. ಪೋಸ್ಟ್ ಮಾಸ್ಟರರಿಂದ ಎರವಲು ತಂದಿದ್ದ ಕದಿರೇಶನ ಕೋಟಿನ ಒಂದು ಗುಂಡಿ ಅಲ್ಲೆಲ್ಲೋ ಉದುರಿತು.

ಯುದ್ಧದ ಕಾಲ. ಪೆಟ್ರೋಲಿಗೆ ಬರ. ಬಸ್ಸಿನ ಬೆನ್ನಿಗೆ ಹಂಡೆಯಂಥ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರ ಅನಿಲದಲ್ಲಿ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎನ್ನುವುದು ದೊಡ್ಡ ಮಾತು. ಬಸ್ಸು ಅಜ್ಜಿ ಮೆಟ್ಟಿಲು ಹತ್ತಿದ ಹಾಗೆ ನಾಲ್ಕು ಹೆಜ್ಜೆಗೊಮ್ಮೆ ಏದುಸಿರು ಬಿಡುತ್ತಾ ಹೋಗುತ್ತಿತ್ತು. ಕಂಡಕ್ಟರ್ ಮುನಿಶಾಮಿ ಟಿಕೇಟು ಹರಿಯಲು ಬಂದವನು ಇವರ ಜಗಳ ಕೇಳಿ ಅಲ್ಲೇ ನಿಂತುಬಿಟ್ಟ.

"ಏನ್ ಸ್ವಾಮಿ ನೀವೆಲ್ಲ! ದಿನಾ ಬೆಳಗಾದ್ರೆ ನಾನು 'ಚಾರ್ಜು ಕೊಡಿ, ಚಾರ್ಜು ಕೊಡಿ' ಅಂತ ಬಡ್ಕೊಳ್ಳೋದು ಯಾತಕ್ಕೆ? ಚಾರ್ಜು ಅಂದ್ರೆ ಬಸ್ಸಿಗೆ ಕೊಡೋ ದುಡ್ಡು. ಅಷ್ಟೇ. ಇನ್ನೊಂದೈತೆ. ದೀಪ ಮಂಕಾದ್ರೆ ಬ್ಯಾಟ್ರಿಗೆ ಚಾರ್ಜು ಮಾಡಿಸ್ತೀವಿ."

"ಬ್ಯಾಟ್ರಿಗೂ ಟಿಕೇಟು ಹರೀತೀಯೇನಯ್ಯ?" ಎಂದಳು ದೊಡ್ಡಮುನಿಯಮ್ಮ.

"ಬೀಗದ ಕೈ, ಮದ್ದು, ನುಗ್ಗು, ದುಡ್ಡು, ಬ್ಯಾಟ್ರಿ," ಎಂದು ಕದಿರೇಶ ಕಣ್ಣು ಮುಚ್ಚಿ ಜಪಿಸಿದ. ಅವನ ತಲೆ ಸಂತೆಯಿಂದ ಬಂದ ಚೀಲದ ಹಾಗಾಗಿತ್ತು. ಬದನೆಕಾಯಿ ತೆಗೆಯಲು ಕೈ ಹಾಕಿದರೆ ಬಾಚಣಿಗೆ ಸಿಗುವಂತಿತ್ತು.

ಮುಳಬಾಗಿಲಿನ ಬೆಟ್ಟ ಕಣ್ಣಿಗೆ ಬಿದ್ದಾಗ ಬಸ್ಸು ಒಂದು ಸಲ ಕೆಮ್ಮಿ, ಎರಡು ಸಲ ಸೀನಿ, ಮೂರನೆಯದಕ್ಕೆ ಪ್ರಾಣ ಬಿಟ್ಟಿತು. ಡ್ರೈವರ್ ಇಳಿದು ಒಲೆಯ ಮುಚ್ಚಳ ತೆಗೆದು ನೋಡಿ, ಹುಣಸೆಮರದ ಕೆಳಗೆ ಟವೆಲು ಹಾಸಿ ಮಲಗಿದ. ಬೇರೆ ಪ್ರಯಾಣಿಕರು ಶಾಪ ಹಾಕುತ್ತಾ ನಡೆದುಹೋದರು. ಮುನಿಶಾಮಿ ಮಾತ್ರ ಇವರನ್ನು ಬಿಡಲಿಲ್ಲ.

"ನಿಮ್ಮ ದುಡ್ಡು ತಗೊಂಡಿದೀನಿ, ಮನೆ ಬಾಗಿಲಿಗೆ ಮುಟ್ಟಿಸೋದು ನನ್ ಧರ್ಮ," ಎಂದ. ಹುಡುಗಿಯ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಮಾಡಿರುತ್ತಾರೆ ಎಂಬ ಮಾತು ಸ್ವಲ್ಪ ಹೊತ್ತಿನ ಮುಂಚೆ ಅವನ ಕಿವಿಗೆ ಬಿದ್ದಿತ್ತು.

"ಈಗ ಆರು ಜನ ಆಯ್ತಲ್ಲೋ, ಸರಿಸಂಖ್ಯೆ ಆಗಬಾರ್ದು," ಎಂದು ಅಶ್ವತ್ಥಮ್ಮ ಅಳುವಂತಾದಳು.

ಆಗ ಮಾವಿನಹಣ್ಣಿನ ಮಂಕರಿಗಳನ್ನು ಹೇರಿಕೊಂಡು ಒಂದು ಎತ್ತಿನ ಗಾಡಿ ಬಂತು. ಮುನಿಯಲ್ಲಪ್ಪ ಗಾಡಿಗಿಂತ ಮೊದಲು ಗಾಡಿಯವನ ತಲೆ ಎಣಿಸಿದ. "ಏಳು! ಹತ್ರೀ ಎಲ್ಲಾರೂ!"

ಗಾಡಿಯವನು ಬೇಡ ಬೇಡ ಎನ್ನುತ್ತಿದ್ದಂತೆಯೇ ಎಲ್ಲರೂ ಮಂಕರಿಗಳ ಮೇಲೆ ಹತ್ತಿದರು. ದೊಡ್ಡಮುನಿಯಮ್ಮ ಹಿಂದುಗಡೆ ಕೂತದ್ದೇ ತಡ, ಗಾಡಿ ಹಿಂಭಾರವಾಗಿ ಮೂಕಿ ಆಕಾಶಕ್ಕೆ ಎದ್ದಿತು. ಎತ್ತುಗಳು ಮುಂಗಾಲು ಎತ್ತಿ, ನಮಸ್ಕಾರ ಮಾಡುವವರ ಹಾಗೆ ನಿಂತವು. ಎಲ್ಲರೂ ಜಾರಿ ಕೆಳಗೆ ಬಂದರು. ಎಲ್ಲರಿಗಿಂತ ಕೆಳಗೆ ಕದಿರೇಶ, ಅವನಿಗಿಂತ ಕೆಳಗೆ ಒಂದು ಮಂಕರಿ ಹಣ್ಣು.

"ನಿಮ್ ಮನೆ ಹಾಳಾಗ! ಗಾಡಿಗೆ ಹೇರೋದಕ್ಕೂ ಒಂದು ಲೆಕ್ಕ ಬೇಡ್ವಾ?" ಎಂದು ಗಾಡಿಯವನು ಕೂಗಿದ ಕೂಗು ಬೆಟ್ಟಕ್ಕೆ ತಾಗಿ ಮತ್ತೆ ಕೇಳಿಸಿತು.

ಅಲ್ಲಿಂದ ಮುಂದೆ ಒಬ್ಬರು ಹತ್ತುವುದು, ಒಬ್ಬರು ಇಳಿದು ನಡೆಯುವುದು. ಹೇಳಿದ ಹೊತ್ತು ಮೀರಿ, ದೀಪ ಹಚ್ಚುವ ವೇಳೆಗೆ ಅವರು ಕೋದಂಡರಾಮಪ್ಪನವರ ಮನೆ ಮುಟ್ಟಿದರು. ಕದಿರೇಶನ ಬೆನ್ನಿಗೆ ಪೋಸ್ಟ್ ಮಾಸ್ಟರರ ಕೋಟು ಅಂಟಿತ್ತು, ಕೋಟಿಗೆ ಒಂದು ಮಾವಿನ ವಾಟೆ ಅಂಟಿತ್ತು, ವಾಟೆಯ ಸುತ್ತ ನೊಣ.

ಕೋದಂಡರಾಮಪ್ಪನವರು ಆರಾಮಕುರ್ಚಿಯಲ್ಲಿ ಕೂತಿದ್ದರು. ಸಣ್ಣ ಮೈ, ದಪ್ಪ ಕನ್ನಡಕ. ಒಳಗೆ ಬಂದ ಏಳು ಜನರನ್ನೂ ಕೋರ್ಟಿಗೆ ಬಂದ ಸಾಕ್ಷಿಗಳನ್ನು ನೋಡಿದ ಹಾಗೆ ಒಬ್ಬೊಬ್ಬರನ್ನಾಗಿ ನೋಡಿದರು. ಅವರ ಹೆಂಡತಿ ಭಾರತಮ್ಮ ಚಾಪೆ ಹಾಸಿದಳು. ಶ್ಯಾಮಲ ತಲೆ ಬಗ್ಗಿಸಿಕೊಂಡು ಬಂದು ತಟ್ಟೆಗಳನ್ನಿಟ್ಟಳು. ಸಕ್ಕರೆ ರೇಷನ್ನಾದ್ದರಿಂದ ಕೇಸರಿಬಾತು ಬೆಲ್ಲದ್ದು. ಕದಿರೇಶನ ಮುಂದೆ ತಟ್ಟೆಯಿಡುವಾಗ ಅವಳು ಒಂದು ಗಳಿಗೆ ಕಣ್ಣೆತ್ತಿ ಅವನ ಮುಖ ನೋಡಿದಳು, ವಾಟೆ ನೋಡಿದಳು, ತುಟಿ ಕಚ್ಚಿಕೊಂಡು ಒಳಗೆ ಓಡಿದಳು. ಕದಿರೇಶನಿಗೆ ಕಲಿತದ್ದೆಲ್ಲ ಆ ಗಳಿಗೆಯಲ್ಲೇ ಮರೆತುಹೋಯಿತು.

"ಸರಿ," ಎಂದರು ಕೋದಂಡರಾಮಪ್ಪನವರು. "ಒಂದು ಕ್ರಿಯಾಪದವನ್ನ ಬೇರು ಸಮೇತ ಬಲ್ಲವನು ಹೆಂಡ್ತೀನ ಚೆನ್ನಾಗಿ ನೋಡ್ಕೋತಾನೆ, ಇದು ನನ್ನ ಸಿದ್ಧಾಂತ. 'ಚಾರ್ಜ್' ಅಂದ್ರೆ ಏನು?"

"ಬೀಗದ ಕೈ!" ಎಂದ ಮುನಿಯಲ್ಲಪ್ಪ.

"ನುಗ್ಗೋದು!" ಎಂದು ದಫೇದಾರ್ ದೊಣ್ಣೆ ಎತ್ತಿದ.

"ಬಂಡೆಗೆ ಮದ್ದು ಜಡಿಯೋದು ಸ್ವಾಮಿ!" ಎಂದಳು ದೊಡ್ಡಮುನಿಯಮ್ಮ.

"ದುಡ್ಡು! ಬ್ಯಾಟ್ರಿ!" ಎಂದ ಮುನಿಶಾಮಿ, ಬಾಯಿ ತುಂಬ ಉಪ್ಪಿಟ್ಟಿನೊಂದಿಗೆ.

ಕೋದಂಡರಾಮಪ್ಪನವರು ಕೈಯೆತ್ತಿದರು. "ಮದುವೆಗೆ ಬಂದಿರೋ ಗಂಡು ಯಾರು? ಎಲ್ಲರೂನಾ?"

ಎಲ್ಲರೂ ಕದಿರೇಶನ ಕಡೆ ಬೆರಳು ತೋರಿಸಿದರು.

"ಅರ್ಥಗಳನ್ನೆಲ್ಲ ಇವರೇ ಹೇಳಿಬಿಟ್ರು, ಹೋಗಲಿ. ಇವಕ್ಕೆಲ್ಲ ತಾಯಿ ಯಾರು? ಮೊಟ್ಟಮೊದಲು ಆ ಪದದ ಅರ್ಥ ಏನಿತ್ತು? ಅದನ್ನ ನೀನು ಹೇಳಪ್ಪ."

ಅಮ್ಮ ಕದಿರೇಶನ ಬೆನ್ನಿಗೆ ತಿವಿದಳು. ಮುಗಿಯಿತು, ಇನ್ನು ಎದ್ದು ಹೋಗುವುದೇ ಎಂದುಕೊಂಡ. ಹೋಗುವ ಮೊದಲು ಹೊತ್ತು ಮೀರಿ ಬಂದದ್ದಕ್ಕೆ ಕ್ಷಮೆಯನ್ನಾದರೂ ಕೇಳೋಣವೆಂದು ಕೈ ಮುಗಿದ.

"ಗಾಡಿಗೆ ಹೇರಿದ್ದು ಸ್ವಾಮಿ..." ಎಂದ.

ಕೋದಂಡರಾಮಪ್ಪನವರು ಆರಾಮಕುರ್ಚಿಯಿಂದ ಚಿಮ್ಮಿ ಎದ್ದರು. ಕನ್ನಡಕ ಒಂದು ಕಿವಿಯಿಂದ ಜೋತಾಡಿತು.

"ಏನಂದೆ? ಇನ್ನೊಂದ್ಸಲ ಹೇಳು!"

"ಗಾಡಿಗೆ... ಹೇರಿದ್ದು..."

"ಭಾರತೀ! ಬಾರೇ ಇಲ್ಲಿ! ಹೇಳಿಬಿಟ್ಟ ಕಣೇ! ಬಿ.ಎ. ಆದೋರು ಹೇಳಲಿಲ್ಲ, ಇವನು ಹೇಳಿದ! ಲ್ಯಾಟಿನ್ ಭಾಷೇಲಿ 'ಕಾರುಸ್' ಅಂದ್ರೆ ಗಾಡಿ. ಗಾಡಿಗೆ ಭಾರ ಹೇರೋದೇ ಮೊದಲನೇ ಚಾರ್ಜು! ಅಲ್ಲಿಂದ ಫ್ರೆಂಚರ ಬಾಯಿಗೆ ಬಿತ್ತು, ಅವರಿಂದ ಇಂಗ್ಲಿಷರಿಗೆ. ಬಂದೂಕಿಗೆ ಹೇರಿದ್ರೆ ಮದ್ದು. ಅಮಲ್ದಾರ್ರ ತಲೇ ಮೇಲೆ ಹೇರಿದ್ರೆ ಅಧಿಕಾರ. ಕಳ್ಳನ ಮೇಲೆ ಹೇರಿದ್ರೆ ಅಪರಾಧ. ನಮ್ಮ ಜೇಬಿನ ಮೇಲೆ ಹೇರಿದ್ರೆ ಬಸ್ಸಿನ ದುಡ್ಡು. ಎಲ್ಲಾನೂ ಆ ಗಾಡೀಲೇ ಬಂದದ್ದು!"

ಪ್ರತಿಯೊಬ್ಬರಿಗೂ ತಾನು ಹೇಳಿದ್ದೇ ಸರಿಯೆಂದು ಖುಷಿಯಾಯಿತು. ಮುನಿಯಲ್ಲಪ್ಪ ದಫೇದಾರನನ್ನು ತಬ್ಬಿಕೊಂಡ. ಗಾಡಿಯವನು, "ನಮ್ ಗಾಡಿ ಅಷ್ಟು ಹಳೇದೇನಲ್ಲ ಬುದ್ಧಿ," ಎಂದು ವಿನಯದಿಂದ ಹೇಳಿದ. ಅಶ್ವತ್ಥಮ್ಮ ಕುರುಡುಮಲೆ ಗಣೇಶನಿಗೆ ಕಡುಬಿನ ಹರಕೆ ಹೊತ್ತು ಕಣ್ಣೊರೆಸಿಕೊಂಡಳು. ಕೋದಂಡರಾಮಪ್ಪನವರು ಕದಿರೇಶನ ಹೆಗಲ ಮೇಲೆ ಕೈ ಹಾಕಿ, ವಾಟೆಯನ್ನು ತಮ್ಮ ಕೈಯಾರೆ ಬಿಡಿಸಿ ಬಿಸಾಡಿದರು.

"ತಾಂಬೂಲ ತಗೊಂಡು ಬಾರೇ! ಅಳಿಯ ಸಿಕ್ಕಿದ!"

ಭಾರತಮ್ಮ ಬಂದಳು. ಕೈಯಲ್ಲಿ ತಾಂಬೂಲದ ತಟ್ಟೆ ಇರಲಿಲ್ಲ.

"ಹುಡುಗಿ ಒಲ್ಲೆ ಅಂತಾಳೆ," ಎಂದಳು.

ಉಪ್ಪಿಟ್ಟು ಅಗಿಯುವ ಸದ್ದು ನಿಂತಿತು.

"ಒಲ್ಲೆ ಅನ್ನೋದಕ್ಕೆ ಇವನಿಗೇನೇ ಆಗಿದೆ ಧಾಡಿ?" ಎಂದರು ಕೋದಂಡರಾಮಪ್ಪನವರು.

ಬಾಗಿಲ ಹಿಂದಿನಿಂದ ಶ್ಯಾಮಲಳ ದನಿ ಬಂತು. ಆಮೇಲೆ ಅವಳೇ ಬಂದಳು. "ಅಪ್ಪಾ, ಸಾರಿಗೆ ಉಪ್ಪು ಹಾಕಮ್ಮ ಅಂತ ಅಮ್ಮ ಅಂದ್ರೆ, ಹಾಕೋದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಅರ್ಥ ಇದೆ ಅಂತ ನೀವು ಶುರು ಮಾಡ್ತೀರಿ. ನೀವು ಮುಗಿಸೋ ಹೊತ್ತಿಗೆ ಸಾರು ಸೀದಿರುತ್ತೆ. ಹುಟ್ಟಿದಾಗಿನಿಂದ ಸೀದ ಸಾರು ಉಂಡಿದೀನಿ. ಗಂಡನ ಮನೆಯಲ್ಲಾದ್ರೂ ಒಂದು ಹೊತ್ತು ಬಿಸಿಸಾರು ಉಣ್ಣೋಣ ಅಂತ ನನ್ನಾಸೆ. ಇಂಗ್ಲಿಷ್ ಬರದೋರು ಯಾರಾದ್ರೂ ಬರ್ತಾರೇನೋ ಅಂತ ಕಾಯ್ತಿದ್ದೆ. ಬಂದೋರನ್ನೆಲ್ಲ ನೀವು ಓಡಿಸಿದ್ರಿ. ಇವರನ್ನ ನೋಡಿ, ಪರವಾಗಿಲ್ಲ, ಮುಖದಲ್ಲಿ ಎ ಬಿ ಸಿ ಡಿನೂ ಕಾಣಲ್ಲ ಅಂತ ಸಂತೋಷಪಟ್ಟೆ. ನೋಡಿದ್ರೆ ಇವರು ನಿಮಗಿಂತ ಹೆಚ್ಚು!"

ಕದಿರೇಶನ ಎದೆಯಲ್ಲಿ ಮದ್ದು ಸಿಡಿದಂತಾಯಿತು. ಬದುಕಿನಲ್ಲಿ ಮೊದಲ ಸಲ ಅವನ ಅಜ್ಞಾನಕ್ಕೆ ಬೆಲೆ ಬಂದಿತ್ತು. ಆ ಗಳಿಗೆಯಲ್ಲೇ ಅದು ಕೈತಪ್ಪಿ ಹೋಗುವುದರಲ್ಲಿತ್ತು. ಅಮ್ಮ ಕೋಟು ಹಿಡಿದು ಎಳೆಯುತ್ತಿದ್ದರೂ ಎದ್ದು ನಿಂತ.

"ಇಲ್ಲಾರೀ! ನಂಗೆ ಒಂದಕ್ಷರ ಇಂಗ್ಲಿಷು ಬರಲ್ಲ! ಎರಡು ಸಲ ಫೇಲು! ಮಾವನ್ನ ಕೇಳಿ! ಅದು ಲ್ಯಾಟಿನ್ನೂ ಅಲ್ಲ ಗೀಟಿನ್ನೂ ಅಲ್ಲ, ತಡವಾಗಿದ್ದಕ್ಕೆ ಕಾರಣ ಹೇಳ್ತಿದ್ದೆ! ಗಾಡಿ ಹಿಂಭಾರ ಆಗಿ ಬಿದ್ವಿ, ಅಷ್ಟೇ!"

"ಸುಳ್ಳು," ಎಂದರು ಕೋದಂಡರಾಮಪ್ಪನವರು, ಮುಖ ಬಿಳಿಚಿ. "ವಿನಯಕ್ಕೆ ಹೇಳ್ತಿದಾನೆ."

"ಬೇರೆ ಏನಾದ್ರೂ ಕೇಳಿ ನೋಡಿ ಸ್ವಾಮಿ! ದಮ್ಮಯ್ಯ ಅಂತೀನಿ!"

"'ಕಮ್' ಅಂದ್ರೆ ಏನು?"

ಕದಿರೇಶ ಪ್ರಾಮಾಣಿಕವಾಗಿ ಯೋಚಿಸಿದ. "ಸ್ಕೂಲಿನಲ್ಲಿ ಮೇಷ್ಟ್ರು ಬೆತ್ತ ಹಿಡ್ಕೊಂಡು ಹಂಗಂತಿದ್ರು. ಅಂದಾಗಲೆಲ್ಲ ನಾನು ಕಿಟಕಿ ಹಾರಿ ಓಡಿಹೋಗ್ತಿದ್ದೆ. ಓಡಿಹೋಗು ಅಂತಿರಬೇಕು."

ಶ್ಯಾಮಲ ಕೈಯಿಂದ ಬಾಯಿ ಮುಚ್ಚಿಕೊಂಡಳು, ನಗು ಕಣ್ಣಿನಿಂದ ಹೊರಗೆ ಬಂತು. ಒಳಗೆ ಓಡಿಹೋಗಿ ಕೇಸರಿಬಾತಿನ ಪಾತ್ರೆಯನ್ನೇ ತಂದು ಅವನ ತಟ್ಟೆಗೆ ಬಗ್ಗಿಸಿದಳು. "ನಾನು ಒಪ್ಪಿದೀನಿ ಅಪ್ಪಾ," ಎಂದಳು.

"ನಾನು ಒಪ್ಪಿಲ್ಲ!" ಎಂದು ಗುಡುಗಿದರು ಕೋದಂಡರಾಮಪ್ಪನವರು. "ಮೋಸ! ಕ್ರಿಯಾಪದದ ಬೇರನ್ನ ಎಡವಿ ಬಿದ್ದು ಹಿಡ್ಕೊಂಡಿದಾನೆ! 'ಕಮ್' ಅಂದ್ರೆ ಓಡಿಹೋಗುವವನಿಗೆ ನನ್ನ ಮಗಳನ್ನ ಕೊಡ್ತೀನಾ?"

ಅಪ್ಪ ಒಂದು ಮೂಲೆಗೆ, ಮಗಳು ಒಂದು ಮೂಲೆಗೆ. ಭಾರತಮ್ಮ ನಡುವೆ ಅಡ್ಡಾಡಿ ಸೋತಳು. ಮುನಿಯಲ್ಲಪ್ಪ ಇಬ್ಬರಿಗೂ ಕೈ ಮುಗಿದ. ಕೊನೆಗೆ ಕೋದಂಡರಾಮಪ್ಪನವರು ಸ್ವಲ್ಪ ತಣ್ಣಗಾಗಿ, ತಮ್ಮ ತೀರ್ಪು ಹೇಳಿದರು.

"ಆಯ್ತು. ಮಗಳು ಇಷ್ಟಪಟ್ಟಿದಾಳೆ ಅಂತ ಇನ್ನೊಂದು ಅವಕಾಶ. ಶ್ರಾವಣ ಬಂದ ಮೇಲೆ ಬಾ. ಈ ಸಲದ ಪದ 'ಪಾಸ್'. ಅರ್ಥ, ಬೇರು, ಎಲ್ಲ ಕಲಿತು ಬರ್ಬೇಕು. ಇಲ್ಲದಿದ್ರೆ ಈ ಹೊಸ್ತಿಲು ತುಳೀಬೇಡ."

ಬೀದಿಯವರೆಗೂ ದೀಪ ಹಿಡಿದು ಬಂದವಳು ಶ್ಯಾಮಲ. ಎಲ್ಲರೂ ಗಾಡಿ ಹತ್ತುವ ಗಲಾಟೆಯಲ್ಲಿದ್ದಾಗ ಅವಳು ಕದಿರೇಶನಿಗೆ ಮಾತ್ರ ಕೇಳುವ ಹಾಗೆ ಹೇಳಿದಳು:

"ನೋಡಿ, ಶ್ರಾವಣದೊಳಗೆ ಆ ಗಾಡಿ, ಲ್ಯಾಟಿನ್ನು ಎಲ್ಲ ಮರೆತು ಬನ್ನಿ. ಹೊಸದೊಂದು ಅಕ್ಷರ ಕಲಿತು ಬಂದಿದೀರಿ ಅಂತ ಗೊತ್ತಾದ್ರೂ ನಾನು ಒಲ್ಲೆ. ಆಣೆ."

ಗಾಡಿ ಹೊರಟಿತು. ಊರ ಹೊರಗಿನ ಕತ್ತಲಲ್ಲಿ ಮುನಿಯಲ್ಲಪ್ಪ ಗಂಟಲು ಸರಿಮಾಡಿಕೊಂಡ.

"ಹೆದರ್ಬೇಡ ಕಣೋ ಕದ್ರೀ. ಪಾಸು ಯಾವ ಮಹಾ! ಕಚೇರೀಲಿ ದಿನಾ ಆರ್ಡರ್ ಪಾಸ್ ಮಾಡ್ತೀವಿ."

"ಆರ್ಡರೂ ಇಲ್ಲ ಗೀರ್ಡರೂ ಇಲ್ಲ," ಎಂದ ಮುನಿಶಾಮಿ. "ಪಾಸು ಅಂದ್ರೆ ಬಸ್ಸಿನಲ್ಲಿ ಬಿಟ್ಟಿ ಹೋಗೋದು."

"ಗಣಿ ಗೇಟಿನಲ್ಲಿ ತೋರಿಸ್ತಾರಲ್ಲ, ಅದೇ ಪಾಸು! ನನ್ ಮಗನ ಹತ್ರ ಐತೆ!" ಎಂದಳು ದೊಡ್ಡಮುನಿಯಮ್ಮ.

"ಅಲ್ಲಲ್ಲ, ಕೇಳಿಲ್ಲಿ ಹುಡ್ಗಾ..." ಎಂದು ದಫೇದಾರ್ ದೊಣ್ಣೆ ಎತ್ತಿದ.

ಕದಿರೇಶ ಎಡಗೈಯಿಂದ ಎಡಗಿವಿಯನ್ನು ಬಿಗಿಯಾಗಿ ಮುಚ್ಚಿಕೊಂಡ. ಕಲಿಯದಿದ್ದರೆ ಅಪ್ಪ ಒಪ್ಪರು, ಕಲಿತರೆ ಮಗಳು ಒಪ್ಪಳು. ಅದನ್ನು ಬಿಟ್ಟು ಬಲಗಿವಿಯನ್ನು ಮುಚ್ಚಿಕೊಂಡ.